ಬಿಸಿ ತಿಳಿಯದ ಕೈ

ಕೂದಲು ಸುಟ್ಟ ವಾಸನೆ, ಅದರ ಹಿಂದೆಯೇ ಹಳೆಯ ಎಂಜಿನ್ ಆಯಿಲ್ಲಿನ ಕಮಟು. ಹೋದ ಭಾನುವಾರ ವಡೋದರಾದ ನಮ್ಮ ಸೊಸೈಟಿಯ ಪಾರ್ಕಿಂಗಿನಲ್ಲಿ, ನನ್ನ ಹಳೆಯ ಎಸ್‌ಯುವಿಯ ಕೆಳಗೆ ಅಂಗಾತ ಮಲಗಿ ಆಯಿಲ್ ಫಿಲ್ಟರಿಗಾಗಿ ತಡಕಾಡುತ್ತಿದ್ದಾಗ, ಪಕ್ಕದ ಸೈಲೆನ್ಸರ್ ಪೈಪು ಮುಂಗೈಗೆ ತಾಗಿತು. "ಅಯ್ಯಪ್ಪಾ" ಎಂದು ಕೈ ಕಿತ್ತುಕೊಂಡೆ. ಒಂದಿಷ್ಟು ಕೂದಲು ಸುಟ್ಟಿತ್ತು, ಅಷ್ಟೆ. ಆದರೆ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಎದುರುಮನೆಯ ಕಾಕಾ ನೆನಪಾದರು. ಆಮೇಲೆ ಕೆಲಸಕ್ಕೆ ಕೈ ಏಳಲಿಲ್ಲ... ಗಾಡಿಯ ಕೆಳಗೇ ಸುಮ್ಮನೆ ಮಲಗಿದ್ದೆ.

ಕಾಕಾ ಧಾರವಾಡದ ಕಡೆಯವರು. ವಿಮಾ ಕಂಪನಿಯ ಕೆಲಸದಲ್ಲಿ ವರ್ಗವಾಗಿ ಗುಜರಾತಿಗೆ ಬಂದು, ಅಹಮದಾಬಾದು, ಸೂರತ್ತು ಎಲ್ಲ ಸುತ್ತಿ, ನಿವೃತ್ತರಾದ ಮೇಲೆ ವಡೋದರಾದಲ್ಲೇ ನೆಲೆ ನಿಂತಿದ್ದರು. ಚಿಕ್ಕಪ್ಪನಿಗೆ ಕಾಕಾ ಎನ್ನುವುದು ಅವರ ಊರಿನ ಮಾತೂ ಹೌದು, ಗುಜರಾತಿಗಳ ಮಾತೂ ಹೌದು. ಹಾಗಾಗಿ ಇಡೀ ಸೊಸೈಟಿಗೆ ಅವರು ಕಾಕಾ. ಅವರ ಹೆಂಡತಿ ನನಗೆ ಕಾಕು. ನಾನಾಗ ಕೆಮಿಕಲ್ ಕಂಪನಿಯ ಕೆಲಸಕ್ಕೆಂದು ತುಮಕೂರಿನಿಂದ ಹೊಸದಾಗಿ ಬಂದಿದ್ದ ಒಂಟಿ ಹುಡುಗ. ಕಾಕು ಬಡಿಯುತ್ತಿದ್ದ ಜೋಳದ ರೊಟ್ಟಿಗೆ ಮನಸೋತು, ಕರೆದರೂ ಕರೆಯದಿದ್ದರೂ ಅವರ ಮನೆಯ ಊಟಕ್ಕೆ ಹಾಜರಾಗುತ್ತಿದ್ದೆ.

ನಾನು ಈ ಸೆಕೆಂಡ್ ಹ್ಯಾಂಡ್ ಗಾಡಿ ಕೊಂಡಾಗ ನನಗಿಂತ ಹೆಚ್ಚು ಹಿಗ್ಗಿದವರು ಕಾಕಾ. ಇದನ್ನು ತಯಾರು ಮಾಡಿದ ಪುಣ್ಯಾತ್ಮ ಆಯಿಲ್ ಫಿಲ್ಟರನ್ನು ಎಂಜಿನ್ನಿನ ಬೆನ್ನಿಗೆ, ಪೈಪುಗಳ ಸಂದಿಯಲ್ಲಿ ಅಡಗಿಸಿಟ್ಟಿದ್ದಾನೆ. ಮೇಲಿನಿಂದಲೂ ಕಾಣುವುದಿಲ್ಲ, ಕೆಳಗಿನಿಂದಲೂ ಕಾಣುವುದಿಲ್ಲ. ಮಲಗಿಕೊಂಡು ಮೊಣಕೈವರೆಗೆ ಕೈ ತೂರಿಸಿ, ಬರೀ ಮುಟ್ಟಿ ನೋಡಿಯೇ ಬಿಚ್ಚಬೇಕು. "ಸರ್ವೀಸಿಗೆ ಕೊಟ್ಟಿ ಅಂದ್ರ ಅವರೇನ್ ಅದನ್ನ ಬಿಚ್ಚತಾರಂತ ತಿಳದೀಯೇನು? ಮ್ಯಾಲೆ ಒರಸಿ ಬಿಲ್ ಹಾಕತಾರ" ಎಂದು ಕಾಕಾ ತಾವೇ ಟೊಂಕ ಕಟ್ಟಿ ನಿಂತರು. ಅಡ್ಡಕ್ಕೆ ಕತ್ತರಿಸಿದ ಶೇಂಗಾ ಎಣ್ಣೆಯ ಡಬ್ಬವನ್ನು ಕೆಳಗಿಟ್ಟು, ಹಳೇ ಬನಿಯನ್ ತೊಟ್ಟು ಅವರು ಗಾಡಿಯಡಿಗೆ ಸರಿದರೆ, ಫಾಫಡಾ ಜಿಲೇಬಿಯ ಪೊಟ್ಟಣ ಹಿಡಿದು ಮನೆಗೆ ಹೋಗುವವರೆಲ್ಲ "ಕಾಕಾ, ಗ್ಯಾರೇಜ್ ಖೋಲ್ಯೂ?" ಎಂದು ಕಾಲೆಳೆಯುತ್ತಿದ್ದರು. ಗ್ಯಾರೇಜು ತೆರೆದಾಯಿತೇ ಎಂಬ ಆ ಕುಚೋದ್ಯಕ್ಕೆ ಕಾಕಾ ಅಡಿಯಿಂದಲೇ ಗಹಗಹಿಸುತ್ತಿದ್ದರು. ನನಗೂ ಹಾಯೆನಿಸುತ್ತಿತ್ತು. ಕಷ್ಟದ ಕೆಲಸ ಅವರದು, ಟಾರ್ಚು ಹಿಡಿಯುವ ಕೆಲಸ ನನ್ನದು.

ಒಮ್ಮೆ ಹಾಗೆ ಟಾರ್ಚು ಹಿಡಿದು ಕೂತಿದ್ದಾಗ ಈ ವಾಸನೆ ಬಂತು. ಆಯಿಲ್ ಸಲೀಸಾಗಿ ಇಳಿಯಲೆಂದು ಎಂಜಿನ್ನನ್ನು ಸ್ವಲ್ಪ ಹೊತ್ತು ಓಡಿಸಿ ಬಿಸಿ ಮಾಡಿದ್ದೆವು. ರಬ್ಬರು ಸುಡುತ್ತಿದೆಯೇನೋ ಎಂದು ಬಗ್ಗಿ ನೋಡಿದೆ. ಕಾಕಾ ಏನನ್ನೋ ಗುನುಗುತ್ತ ಫಿಲ್ಟರ್ ತಿರುಗಿಸುತ್ತಲೇ ಇದ್ದರು. ಅವರ ಕಿರುಬೆರಳು, ಅಂಗೈಯ ಅಂಚು ಪೈಪಿಗೆ ಒತ್ತಿಕೊಂಡಿದ್ದವು.

"ಕಾಕಾ, ಕೈ! ಕೈ ತೆಗೀರಿ!" ಎಂದು ಕಿರುಚಿದೆ.

"ಯಾಕೋ, ಏನಾತು?" ಎಂದರು. ಅವರಿಗೆ ನಿಜವಾಗಿಯೂ ಗೊತ್ತಾಗಿರಲಿಲ್ಲ. ಕೈ ಹೊರತೆಗೆದು, ಸುಲಿದು ಬೆಳ್ಳಗಾದ ಚರ್ಮವನ್ನು ಬೇರೆ ಯಾರದೋ ಕೈಯೆಂಬಂತೆ ತಿರುಗಿಸಿ ತಿರುಗಿಸಿ ನೋಡಿದರು. ನೋವೇ ಆಗದಿದ್ದುದು ಅವರನ್ನು ಹೆದರಿಸಿತ್ತು.

ಅವರಿಗೆ ಸಕ್ಕರೆ ಕಾಯಿಲೆ ಇದ್ದದ್ದು ಎಲ್ಲರಿಗೂ ಗೊತ್ತು. ಕೈಬೆರಳುಗಳಲ್ಲಿ, ಪಾದಗಳಲ್ಲಿ ಸ್ಪರ್ಶವೇ ಹೋಗಿದೆ ಎಂಬುದನ್ನು ಮಾತ್ರ ಜೋಮು ಹಿಡಿದಿದೆ ಅಷ್ಟೆ ಎಂದು ತಮಗೆ ತಾವೇ ಹೇಳಿಕೊಂಡು ಮುಚ್ಚಿಟ್ಟಿದ್ದರು. ಜೀವನಪೂರ್ತಿ ಊರವರ ಕಾಯಿಲೆ ಕಸಾಲೆ ಕೆದಕಿ ಪಾಲಿಸಿ ಮಾಡಿಸಿದ ಮನುಷ್ಯ! "ನಿಮ್ಮ ಕಾಕೂಗ ಹೇಳಬ್ಯಾಡೋ ತಮ್ಮಾ. ಆಕಿ ಮೊದಲ ಅಂಜುಬುರುಕಿ. ನಾನ ಹೋಗಿ ಡಾಕ್ಟರಿಗೆ ತೋರಿಸಿಕೊಂಡ ಬರತೀನಿ, ಆತಿಲ್ಲ?" ಎಂದರು. "ಆಯ್ತು ಕಾಕಾ" ಎಂದೆ. ಮನೆಗೆ ಹೋಗಿ ಬಿಸಿ ಆಯಿಲ್ ಚೆಲ್ಲಿತು ಎಂದು ಕಾಕುಗೆ ಸುಳ್ಳು ಹೇಳಿದರು. ನಾನು ಪಕ್ಕದಲ್ಲೇ ನಿಂತು ಹೌದೌದೆಂದು ತಲೆಯಾಡಿಸಿದೆ.

ಡಾಕ್ಟರ ಹತ್ತಿರ ಹೋದಿರಾ ಎಂದು ಒಂದೆರಡು ಸಲ ಕೇಳಿದೆ. "ಹೋಗೂಣಂತ" ಎನ್ನುತ್ತಿದ್ದರು. ನಾನೂ ಬಿಟ್ಟುಬಿಟ್ಟೆ. ಬಿಟ್ಟದ್ದಷ್ಟೇ ಆಗಿದ್ದರೆ ಮರೆವು ಎನ್ನಬಹುದಿತ್ತು. ಮುಂದಿನ ಸಲ ಆಯಿಲ್ ಬದಲಿಸುವ ದಿನ ಕಾಕಾ ಎಂದಿನಂತೆ ಬನಿಯನ್ ತೊಟ್ಟು ಇಳಿದು ಬಂದರು. ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. ನಾನೇ ಒಂದು ಗೋಣಿತಾಟನ್ನು ಒದ್ದೆ ಮಾಡಿ ಆ ಪೈಪಿಗೆ ಸುತ್ತಿಟ್ಟೆ. ಅವರು ಅದನ್ನು ನೋಡಿ ಕಣ್ಣು ಮಿಟುಕಿಸಿ, "ಶ್ಯಾಣ್ಯಾ ಇದ್ದೀ" ಎಂದರು. ಆ ಹೊಗಳಿಕೆಗೆ ನಾನು ಉಬ್ಬಿಹೋದೆ. ನೆನೆಸಿಕೊಂಡರೆ ಈಗಲೂ ನನ್ನ ಮುಖಕ್ಕೆ ನಾನೇ ಉಗಿದುಕೊಳ್ಳಬೇಕು ಅನ್ನಿಸುತ್ತದೆ. ಮೆಟ್ಟಿಲು ಹತ್ತಿ ಹೋಗಿ ಕಾಕುಗೆ ಒಂದು ಮಾತು ಹೇಳುವುದಕ್ಕಿಂತ ಗೋಣಿ ನೆನೆಸುವುದು ನನಗೆ ಸುಲಭವಾಗಿ ಕಂಡಿತ್ತು.

ಆ ಸಲದ ಉತ್ತರಾಯಣಕ್ಕೆ, ಅಂದರೆ ನಮ್ಮ ಸಂಕ್ರಾಂತಿಯ ದಿನ, ಗಾಳಿಪಟ ಹಾರಿಸಲು ಸೊಸೈಟಿಗೆ ಸೊಸೈಟಿಯೇ ಟೆರೇಸಿನ ಮೇಲಿತ್ತು. ಕಾಕಾ ಬರಿಗಾಲಲ್ಲಿ, ಗಾಳಿಪಟದ ದಾರ ಹಿಡಿದು ಮಕ್ಕಳ ಸಮಕ್ಕೆ ಓಡಾಡುತ್ತಿದ್ದರು. ಹಬ್ಬದ ಉಂಧಿಯೂ ಪಲ್ಯದ ಪಾತ್ರೆ ಹಿಡಿದು ಮೇಲೆ ಬಂದ ಕಾಕು ನೆಲದ ಮೇಲಿನ ಕೆಂಪು ಹೆಜ್ಜೆಗಳನ್ನು ಕಂಡು, "ಅಯ್ಯ, ಯಾರ ಕಾಲಿಗೆ ಏನಾಗೇದ್ರೀ?" ಎಂದು ಕೂಗಿದರು. ಎಲ್ಲರಂತೆ ಕಾಕಾ ಕೂಡ ಸುತ್ತಮುತ್ತ ನೋಡಿದರು. ಒಡೆದ ಬಾಟಲಿಯ ಗಾಜು ಅವರ ಪಾದದಲ್ಲೇ ಹೊಕ್ಕಿತ್ತು.

ಗಾಯ ಮಾಯಲಿಲ್ಲ. ಪಾದ ಕಪ್ಪಗಾಯಿತು, ಕಾಲು ತೆಗೆದರು, ನಂಜು ಮೈಗೇರಿತು... ಹೋಳಿಯ ಹೊತ್ತಿಗೆ ಕಾಕಾ ಇರಲಿಲ್ಲ. ಆಸ್ಪತ್ರೆಯಲ್ಲಿ ನಾನೊಬ್ಬನೇ ಪಕ್ಕದಲ್ಲಿದ್ದಾಗ ಒಮ್ಮೆ ನನ್ನ ಕಡೆ ತಿರುಗಿ, "ಹೇಳಿಲ್ಲಲ್ಲ?" ಎಂದಷ್ಟೇ ಕೇಳಿದ್ದರು. ಇಲ್ಲವೆಂದು ತಲೆಯಾಡಿಸಿದ್ದೆ.

ಕಾಕು ಈಗ ಸೂರತ್ತಿನಲ್ಲಿ ಮಗಳ ಮನೆಯಲ್ಲಿದ್ದಾರೆ. ಹಬ್ಬ ಹರಿದಿನಕ್ಕೆ ಅವರೇ ಫೋನ್ ಮಾಡುತ್ತಾರೆ. ಹೋದ ಭಾನುವಾರ ಗಾಡಿಯಡಿಯಿಂದ ಎದ್ದು, ಕೈ ತೊಳೆದು, ನಾನೇ ಮಾಡಿದೆ. ಇವತ್ತು ಹೇಳಿಬಿಡಬೇಕು ಎಂದೇ ಮಾಡಿದ್ದು.

ಕಾಕು ನನ್ನ ಹೆಂಡತಿ, ಮಗಳನ್ನೆಲ್ಲ ವಿಚಾರಿಸಿದರು. ಬಾಯಿ ತೆರೆದರೆ ಗುಜರಾತಿಯನ್ನೇ ಆಡುವ ಮೊಮ್ಮಕ್ಕಳ ಮೇಲೆ ದೂರು ಹೇಳಿದರು. ಆಮೇಲೆ, ಪ್ರತಿ ಸಲದಂತೆ, ಮಾತು ಅಲ್ಲಿಗೇ ಬಂತು. "ಇಷ್ಟು ವರ್ಷ ಒಂದ ಮನ್ಯಾಗ ಇದ್ದೆ. ಮೊದಲ ತಿಳಿದಿತ್ತಂದ್ರ ಉಳಸಬಹುದಿತ್ತು ಅಂದ್ರು ಡಾಕ್ಟರ್. ನಾನ ಕುರುಡಿ ಆದೆ ನೋಡಪಾ... ನೀ ಅವರ ಜೋಡಿ ಇರತಿದ್ದೆಲ್ಲ, ನಿನಗೇನರ ಗೊತ್ತಾಗಿತ್ತೇನು?"

ಹೇಳಲು ಇದಕ್ಕಿಂತ ಒಳ್ಳೆಯ ಗಳಿಗೆ ಸಿಗುವುದಿಲ್ಲ. ಹೇಳಿದರೆ ಆ ಹಿರಿಯ ಜೀವದ ಎದೆಭಾರ ಇಳಿಯುತ್ತಿತ್ತು. ಅದು ನನಗೆ ಚೆನ್ನಾಗಿ ಗೊತ್ತಿತ್ತು. ಬಾಯಿ ತೆರೆದೆ.

"ಇಲ್ಲ ಕಾಕು" ಎಂದೆ.

"ಹೌದಪಾ, ನಿನಗ ಹೆಂಗ ಗೊತ್ತಾಗಬೇಕು. ಹೇಂತಿಗೇ ತಿಳೀಲಿಲ್ಲ" ಎಂದು ಕಾಕು ನನ್ನನ್ನೇ ಸಮಾಧಾನ ಮಾಡಿದರು.