ಅಡುಗೆಮನೆಯಿಂದ ಶುರುವಾಗುವ ಟ್ಯಾವರ್ನ್

ಮೈಸೂರಿನ ಹೈಸ್ಕೂಲೊಂದರಲ್ಲಿ ಸಮಾಜ ವಿಜ್ಞಾನ ಕಲಿಸುತ್ತಿದ್ದವಳು ನಾನು. ಹಿಂದಿನ ಬೆಂಚಿನವರಿಗೂ ಕೇಳುವಂಥ ಗಂಟಲು. ಅಮೆರಿಕದ ಸ್ಟರ್ಲಿಂಗಿಗೆ ಬಂದ ಮೇಲೆ ಬೆಳಿಗ್ಗೆ ಮಕ್ಕಳನ್ನು ಎಬ್ಬಿಸುವುದು ಬಿಟ್ಟರೆ ಆ ಗಂಟಲಿಗೆ ಬೇರೆ ಕೆಲಸವಿರಲಿಲ್ಲ. ಕೋವಿಡ್ ಲಸಿಕೆ ಸಿಕ್ಕಿ ಜನ ಮತ್ತೆ ಓಡಾಡತೊಡಗಿದ ಹೊತ್ತಿಗೆ, ನಮ್ಮ ಲೈಬ್ರರಿಯಲ್ಲಿ ಒಂದು ಚೀಟಿ ಅಂಟಿಸಿದ್ದರು. ಪಶ್ಚಿಮಕ್ಕಿರುವ ಪುಟ್ಟ ಊರೊಂದರ ಹಳೆಯ ಟ್ಯಾವರ್ನ್ ತೋರಿಸಲು ಗೈಡ್‌ಗಳು ಬೇಕಂತೆ. ಸಂಬಳವಿಲ್ಲ, ಭಾನುವಾರದ ಕೆಲಸ. ನನಗೆ ಹೇಳಿ ಮಾಡಿಸಿದ ಹಾಗಿತ್ತು.

ಪಕ್ಕದ ಮನೆಯ ಗೆಳತಿ ಬೆಂಗಳೂರಿನವಳು. ಸುದ್ದಿ ಕೇಳಿ ಬಿದ್ದು ಬಿದ್ದು ನಕ್ಕಳು.

"ಏನ್ರೀ, ಹಿಜಾಬ್ ಹಾಕ್ಕೊಂಡು ಬಾರ್‌ನಲ್ಲಿ ವಾಲಂಟಿಯರ್ ಮಾಡ್ತೀರಾ? ನಿಮ್ಮ ಅತ್ತೆಗೆ ಹೇಳಿದ್ರಾ?"

"ಹೇಳಿದೀನಿ. ಮುಸಾಫಿರ್‌ಖಾನಾ ಅಂತ."

ಸುಳ್ಳೇನೂ ಅಲ್ಲ. ಆ ಕಾಲದ ಟ್ಯಾವರ್ನ್ ಬರೀ ಹೆಂಡದಂಗಡಿಯಾಗಿರಲಿಲ್ಲ. ಕುದುರೆಗಾಡಿಯಲ್ಲಿ ಬಂದವರಿಗೆ ಊಟ, ಹಾಸಿಗೆ. ಕುದುರೆಗಳಿಗೆ ಹುಲ್ಲು, ನೀರು. ಊರಿನವರಿಗೆ ಅಂಚೆ ಕಚೇರಿ. ನ್ಯಾಯಾಧೀಶರು ಬಂದ ದಿನ ಅದೇ ಕೋರ್ಟು. ರೈಲು ಬಂದು ಗಾಡಿರಸ್ತೆ ಖಾಲಿಯಾದ ಮೇಲೆ ಅದು ಬಾಡಿಗೆ ಕೋಣೆಗಳ ಮನೆಯಾಯಿತು, ಆಮೇಲೆ ದಿನಸಿ ಅಂಗಡಿಯಾಯಿತು. ಕೊನೆಗೆ ಬಾಗಿಲು ಮುಚ್ಚಿ, ಮಾಡು ಸೋರತೊಡಗಿದಾಗ ಊರಿನವರೇ ಸೇರಿ ಉಳಿಸಿಕೊಂಡರು.

ಗೈಡ್‌ಗಳ ಮುಖ್ಯಸ್ಥರು ನಿವೃತ್ತ ಬಿಳಿಯ ಸರ್ವೇಯರ್. ಮೆಲುಮಾತಿನ ಮನುಷ್ಯ. ನನಗೊಂದು ಸ್ಕ್ರಿಪ್ಟ್ ಕೊಟ್ಟರು. ಮುಂಬಾಗಿಲಿನಿಂದ ಶುರು, ಮರದ ಸರಳುಗಳ ಹಿಂದಿನ ಮದ್ಯದ ಕಟ್ಟೆ, ನಂತರ ಮಹಡಿಯಲ್ಲಿ ಒಬ್ಬ ಸೇನಾಪತಿ ಒಂದು ರಾತ್ರಿ ಮಲಗಿದ್ದನೆನ್ನುವ ಕೋಣೆ. ಹಿತ್ತಲಿನಲ್ಲಿ ಬೇರೆಯಾಗಿ ಕಟ್ಟಿದ ಕಲ್ಲಿನ ಅಡುಗೆಮನೆ ಸಮಯವಿದ್ದರೆ ಮಾತ್ರ. ಅಡುಗೆ ಮಾಡಿದವರ ಬಗ್ಗೆ ಒಂದೇ ವಾಕ್ಯವಿತ್ತು: ಮನೆಯಲ್ಲಿ ಸೇವಕರಿದ್ದರು. ಪಾಠ ಬಾಯಿಗೆ ಬರಲು ನನಗೆ ಹೆಚ್ಚು ದಿನ ಬೇಕಾಗಲಿಲ್ಲ. ಜನ ನಗುವ ಕಡೆ ನಕ್ಕರು, ಬೆರಗಾಗುವ ಕಡೆ ಬೆರಗಾದರು.

ಆ ಬೇಸಿಗೆಯಲ್ಲಿ ಗೆಳತಿ ಹತ್ತಿರದ ಶ್ಯಾಂಟಿಲಿ ಊರಿನ ಕನ್ನಡದ ಹೆಂಗಸರನ್ನೆಲ್ಲ ಕಟ್ಟಿಕೊಂಡು ಬಂದಳು. ಅವತ್ತು ಪೂರ್ತಿ ಟೂರ್ ಕನ್ನಡದಲ್ಲೇ ನಡೆಯಿತು. ಅವಳು ಯುಗಾದಿಗೆ ಹಾಲ್‌ನಲ್ಲಿ ಸೇರಿದ ಕನ್ನಡಿಗರಿಗೆಲ್ಲ ಬಿಸಿಬೇಳೆಬಾತ್ ಮಾಡುವವಳು. ಸೇನಾಪತಿಯ ಮಂಚಕ್ಕೆ ಒಂದು ನೋಟ ಎಸೆದು ಕೆಳಗಿಳಿದವಳು ಅಡುಗೆಮನೆಯ ಒಲೆಯ ಮುಂದೆ ನಿಂತುಬಿಟ್ಟಳು. ಆಳೆತ್ತರದ ಒಲೆ. ಕಬ್ಬಿಣದ ಕೊಕ್ಕೆಗೆ ತೂಗುಹಾಕಿದ ಕಡಾಯಿಯನ್ನು ಎರಡೂ ಕೈಯಲ್ಲಿ ಎತ್ತಿ ನೋಡಿ, ತಕ್ಷಣ ಬಿಟ್ಟಳು.

"ಖಾಲಿ ಇದ್ದಾಗ್ಲೇ ಇಷ್ಟು ಭಾರ! ಇಷ್ಟು ಜನಕ್ಕೆ ಕುಕ್ ಮಾಡ್ತಿದ್ದವ್ರು ಯಾರ್ರೀ? ಅವ್ರು ಎಲ್ಲಿ ಮಲಗ್ತಿದ್ರು?"

"ಗುಲಾಮ ಹೆಂಗಸರು," ಎಂದೆ. ಎಲ್ಲಿ ಮಲಗುತ್ತಿದ್ದರೆಂಬುದು ನನಗೂ ಗೊತ್ತಿರಲಿಲ್ಲ.

ಅವರನ್ನು ಕಳಿಸಿ ನೇರ ಮುಖ್ಯಸ್ಥರ ಬಳಿಗೆ ಹೋದೆ. ಅವರು ಅಡುಗೆಮನೆಯ ಮೂಲೆಯ ಏಣಿಯತ್ತ ಕೈ ತೋರಿಸಿದರು. "ಈ ಅಟ್ಟದ ಮೇಲೆ. ಪೊರಕೆ, ಮಡಚುವ ಕುರ್ಚಿ ಇಟ್ಟಿದ್ದೇವೆ. ಯಾರೂ ಕೇಳುವುದಿಲ್ಲ."

"ಇವತ್ತು ಕೇಳಿದರು. ಪೊರಕೆಗೆ ಬೇರೆ ಜಾಗ ನೋಡೋಣ."

ಮುಂದಿನ ವಾರ ಇಬ್ಬರೂ ಸೇರಿ ಅಟ್ಟ ಖಾಲಿ ಮಾಡಿದೆವು. ನೆಟ್ಟಗೆ ನಿಲ್ಲಲಾಗದಷ್ಟು ತಗ್ಗು ಮಾಡು. ಒಲೆಯ ಚಿಮಣಿ ಅಲ್ಲೇ ಹಾದುಹೋಗುತ್ತಿತ್ತು. ಬೇಸಿಗೆಯಲ್ಲಿ ಅಲ್ಲಿ ಮಲಗುವುದೆಂದರೆ ಏನೆಂದು ಬೆವರು ಒರೆಸಿಕೊಳ್ಳುತ್ತಲೇ ತಿಳಿಯಿತು. ಕೆಳಗಿಳಿದ ಮೇಲೆ ನಾನು ಟೂರನ್ನು ಇನ್ನು ಅಡುಗೆಮನೆಯಿಂದಲೇ ಶುರು ಮಾಡುತ್ತೇನೆಂದೆ.

ಅವರು ತಲೆ ಅಲ್ಲಾಡಿಸಿದರು. "ಜನ ಸೇನಾಪತಿಯ ಕಥೆ ಕೇಳಲು ಬರುತ್ತಾರೆ."

"ಅದನ್ನೂ ಹೇಳುತ್ತೇನೆ. ಅವನ ಊಟ ಎಲ್ಲಿಂದ ಬಂತೆಂದು ಹೇಳಿದ ಮೇಲೆ."

ಒಪ್ಪಿದರೆನ್ನಲಾರೆ, ತಡೆಯಲಂತೂ ಇಲ್ಲ. ಸ್ಕ್ರಿಪ್ಟಿನ 'ಸೇವಕರು' ಎಂಬ ಪದವನ್ನು ಹೊಡೆದುಹಾಕಿ 'ಗುಲಾಮರು' ಎಂದು ಬರೆದೆ. ಒಂದಿಬ್ಬರು ಸಂದರ್ಶಕರು ಮುಖ ಸಿಂಡರಿಸಿ ನಡುವೆಯೇ ಹೊರಟುಹೋದರು. ಉಳಿದವರು ಮೊದಲಿಗಿಂತ ಹೆಚ್ಚು ಪ್ರಶ್ನೆ ಕೇಳಿದರು.

ಚಳಿ ಶುರುವಾಗುವ ಹೊತ್ತಿಗೆ ಒಂದು ಭಾನುವಾರ, ಚರ್ಚ್ ಮುಗಿಸಿ ಹ್ಯಾಟ್ ತೊಟ್ಟ ವೃದ್ಧೆಯೊಬ್ಬರು ಬಂದರು. ಕಪ್ಪು ಜನಾಂಗದವರು. ಅದೇ ಊರಲ್ಲಿ ಹುಟ್ಟಿ, ಅದೇ ಬೀದಿಯ ತುದಿಯಲ್ಲಿ ವಾಸ. ಈ ಮನೆಯೊಳಗೆ ಮಾತ್ರ ಎಂದೂ ಕಾಲಿಟ್ಟಿರಲಿಲ್ಲವಂತೆ.

"ನನ್ನಜ್ಜಿಯ ಅಜ್ಜಿ ಈ ಒಲೆಯ ಮುಂದೆ ದುಡಿದವಳು. ಆ ಬಾಗಿಲು ನಮಗಲ್ಲ ಅಂತ ನನ್ನಜ್ಜಿ ಹೇಳುತ್ತಿದ್ದಳು," ಎಂದರು. "ಈಗ ಟೂರ್ ಅಡುಗೆಮನೆಯಿಂದ ಶುರುವಾಗುತ್ತದೆ ಅಂತ ಚರ್ಚಿನಲ್ಲಿ ಯಾರೋ ಅಂದರು. ಅದಕ್ಕೇ ಬಂದೆ."

ಅಟ್ಟ ನೋಡಬೇಕೆಂದರು. ಮಂಡಿ ನೋವಿತ್ತು, ಆದರೂ ಹತ್ತಿಯೇ ಹತ್ತುತ್ತೇನೆಂದರು. ನಾನು ಏಣಿ ಹಿಡಿದೆ. ಮುಖ್ಯಸ್ಥರು ಓಡಿಬಂದು ಇನ್ನೊಂದು ಬದಿ ಹಿಡಿದರು. ಅವರು ಹತ್ತಿ ಅಟ್ಟದೊಳಗೆ ಬಗ್ಗಿ ಹೋದರು. ಆಮೇಲೆ ಮೆಲ್ಲಗೆ ಒಂದು ಹಾಡು ಕೇಳಿಸಿತು. ಚರ್ಚಿನ ಹಾಡಿರಬೇಕು. ಕೆಳಗೆ ನಾವಿಬ್ಬರೂ ಏಣಿ ಬಿಡದೆ ನಿಂತೇ ಇದ್ದೆವು.

ಇಳಿದು ಬಂದು ಹ್ಯಾಟ್ ಸರಿಮಾಡಿಕೊಂಡು ಮುಖ್ಯಸ್ಥರನ್ನು ಕೇಳಿದರು: "ಶನಿವಾರ ಯಾರು ತೋರಿಸುತ್ತಾರೆ?"

"ಶನಿವಾರ ಯಾರೂ ಇಲ್ಲ," ಎಂದರು ಅವರು.

"ಹಾಗಾದರೆ ನಾನು ಬರುತ್ತೇನೆ."

ಅಂದಿನಿಂದ ಶನಿವಾರ ಅವರದು, ಭಾನುವಾರ ನನ್ನದು. ಸ್ಕ್ರಿಪ್ಟನ್ನು ಮೂವರೂ ಕೂತು ಮೊದಲಿನಿಂದ ಬರೆದೆವು. ಸೇನಾಪತಿಗೆ ಅರ್ಧ ಪುಟ ಉಳಿಯಿತು, ಅಷ್ಟು ಸಾಕೆಂದು ಮುಖ್ಯಸ್ಥರೇ ಹೇಳಿದರು. ಒಮ್ಮೊಮ್ಮೆ ಶನಿವಾರವೂ ಹೋಗಿ ಗುಂಪಿನ ಹಿಂದೆ ನಿಂತು ಆ ತಾಯಿಯ ಮಾತು ಕೇಳುತ್ತೇನೆ. ನನಗಿಂತ ಚೆನ್ನಾಗಿ ಹೇಳುತ್ತಾರೆ.