ಚಿಕ್ಕಸಿದ್ದಮ್ಮನ ಮಡಿಲು ಮತ್ತು ಹಿಂದಕ್ಕೆ ನೋಡುವ ಸೀಟು

ಹೊಸ ಅಗ್ರಹಾರದಲ್ಲಿ ಬಾಣಂತಿಯನ್ನು ಗಂಡನ ಮನೆಗೆ ಕಳುಹಿಸುವ ದಿನ ಗೊತ್ತಾಯಿತೆಂದರೆ ಮೊದಲು ಚಿಕ್ಕಸಿದ್ದಮ್ಮನಿಗೆ ಹೇಳಿಕೆ ಹೋಗುತ್ತಿತ್ತು. ಅವಳ ಕೇರಿಯ ಪದ್ಧತಿಯೇ ಹಾಗೆ. ಹಾಲುಗೂಸನ್ನು ದಾರಿಯಲ್ಲಿ ತಾಯಿ ಎತ್ತಿಕೊಳ್ಳಬಾರದು. ಮಕ್ಕಳನ್ನು ಸಾಕಿ ಪಳಗಿದ ಹಿರಿಯಳೊಬ್ಬಳ ಮಡಿಲಲ್ಲಿ ಅದು ಹೋಗಬೇಕು. ಹೊಸಿಲ ಬಳಿ ಬೀಗಿತ್ತಿ, "ಮಗ ಯಾರ ಮಡ್ಲಲ್ಲಿ ಬಂತು?" ಎಂದು ಕೇಳಬೇಕು. "ನನ್ ಮಡ್ಲಲ್ಲಿ ಬಂತು ಕಣವ್ವ, ತಕ್ಕೊ" ಎಂದು ಇವಳು ಹೇಳಬೇಕು. ಆಮೇಲೆಯೇ ಆರತಿ, ವೀಳ್ಯ, ಊಟ.

ಆ ಮಾತನ್ನು ಚಿಕ್ಕಸಿದ್ದಮ್ಮ ಎಷ್ಟು ಹೊಸಿಲುಗಳಲ್ಲಿ ಹೇಳಿದ್ದಳೋ ಅವಳಿಗೇ ನೆನಪಿರಲಿಲ್ಲ. ಎತ್ತಿನ ಗಾಡಿಯಲ್ಲಿ, ಹಾಲಿನ ವ್ಯಾನಿನಲ್ಲಿ, ಒಮ್ಮೆ ಪಿರಿಯಾಪಟ್ಟಣದ ತಂಬಾಕಿನ ಲಾರಿಯಲ್ಲಿ ಚಾಲಕನ ಪಕ್ಕ ಕುಳಿತು ಕೂಸುಗಳನ್ನು ತಲುಪಿಸಿದ್ದಳು. ಅವಳ ತೊಡೆಯ ಮೇಲೆ ಮಕ್ಕಳು ಅಳುತ್ತಲೇ ಇರಲಿಲ್ಲ. ಅತ್ತರೂ ಅದನ್ನು ಅಳುವೆಂದು ಅವಳು ಒಪ್ಪುತ್ತಿರಲಿಲ್ಲ. ಗಂಡ ತೀರಿಕೊಂಡ ಮೇಲೆ ಊರು ಅವಳನ್ನು ಮೂಲೆಗೆ ಕೂರಿಸದೆ ಇದ್ದುದಕ್ಕೆ ಆ ಮಡಿಲೇ ಕಾರಣವೆಂದು ಅವಳು ನಂಬಿದ್ದಳು.

ಈ ಸಲ ಹೊರಡುವವಳು ಪಕ್ಕದ ಮನೆಯ ಮರಿಯಯ್ಯನ ಮಗಳು ಯಶೋಧರಾ. ಕೂಸಿಗೆ ಐದು ತಿಂಗಳು. ಗಂಡ ಕಿರಣ್‌ಕುಮಾರ್ ಎಚ್.ಡಿ. ಕೋಟೆಯಲ್ಲಿ ಔಷಧಿ ಅಂಗಡಿ ಇಟ್ಟಿದ್ದ, ಮನೆ ಎನ್. ಬೇಗೂರು. ಅವನು ತಂದ ಕಾರಿನ ಹಿಂದಿನ ಸೀಟಿನ ಮೇಲೆ ಇನ್ನೊಂದು ಪುಟ್ಟ ಸೀಟು ಬಿಗಿದಿತ್ತು.

ಚಿಕ್ಕಸಿದ್ದಮ್ಮ ಬಗ್ಗಿ ನೋಡಿದಳು. "ಇದೇನ್ ಅಳಿಮಯ್ಯ, ಸಂತೆಗೆ ಕೋಳಿ ತಕ್ಕೊಂಡೋಗೋ ಬುಟ್ಟಿ ಇದ್ದಂಗೈತಲ್ಲ?"

"ಮಗು ಸೀಟು ಕಣಜ್ಜಿ. ಇದ್ರಲ್ಲಿ ಕೂರಿಸಿ ಬೆಲ್ಟ್ ಹಾಕ್ಬೇಕು. ಈಗ ಕಾನೂನೇ ಹಂಗೈತೆ. ಸಣ್ಣ ಮಕ್ಳನ್ನ ಸುಮ್ನೆ ತೊಡೆ ಮೇಲೆ ಕೂರಿಸ್ಕೊಂಡ್ರೆ ದಂಡ ಹಾಕ್ತಾರೆ."

"ನನ್ ತೊಡೆಗೂ ದಂಡ ಆಕ್ತಾರಾ? ಯಾವ ಪೋಲೀಸ್ನೋನು ಅವ್ನು, ಕರೀರಿ ನೋಡಾನ! ಅವ್ನನ್ನೂ ನಾನೇ ಎತ್ಕಂಡೋಗಿರ್ತೀನಿ."

ಮರಿಯಯ್ಯ ನಕ್ಕ. ಕಿರಣ್‌ಕುಮಾರನಿಗೂ ನಗು ಬಂತು. ಆದರೆ ಅವನು ಸಡಿಲಿಸಲಿಲ್ಲ. "ದಂಡದ ಮಾತು ಬಿಡಿ ಅಜ್ಜಿ. ಗಕ್ಕನೆ ಬ್ರೇಕ್ ಹಾಕಿದ್ರೆ ಮಗು ಕೈಲಿ ನಿಲ್ಲಲ್ಲ."

"ನನ್ ಕೈಲಿ ನಿಲ್ಲಲ್ವಾ?" ಎಂದು ಅವಳು, ರಾಗಿ ಬೀಸಿ ಗಟ್ಟಿಯಾದ ಎರಡು ತೋಳನ್ನೂ ಅವನ ಮೂಗಿನ ಮುಂದೆ ಹಿಡಿದಳು. ಅಷ್ಟರಲ್ಲಿ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. "ಅಯ್ಯೋ, ಇದ್ರ ಮೊಕ ಇಂದಕ್ಕೈತೆ! ತವರಿನ ಕಡೆ ಮೊಕ ಮಾಡ್ಕಂಡು ಅಪ್ಪನ ಮನೆಗೆ ವೋಗೋದುಂಟಾ? ಬೇಗೂರು ಬಂದ್ರೂ ಅಗ್ರಾರಾನೇ ನೋಡ್ತಾ ಕೂತಿರ್ತದೆ. ತಿರುಗ್ಸಿ ಅದ್ನ."

"ತಿರುಗಿಸಬಾರದು ಅಜ್ಜಿ. ಮಗೂನ ಕತ್ತು ಇನ್ನೂ ಎಳೇದು. ಹಿಂದಕ್ಕೆ ಮುಖ ಇದ್ರೆ ಬೆನ್ನು, ತಲೆ ಎರಡನ್ನೂ ಸೀಟೇ ತಡೀತದೆ."

"ನಾನೇ ಕಣಜ್ಜಿ ಇದು ಬೇಕು ಅಂದಿದ್ದು" ಎಂದಳು ಯಶೋಧರಾ, ಮೆಲ್ಲಗೆ. ಕೂಸಿಗೆ ಸುತ್ತಿದ್ದ ದುಪ್ಪಟಿಯನ್ನು ಬಿಚ್ಚಿ, ಸೀಟಿನಲ್ಲಿ ಕೂರಿಸಿ, ಪಟ್ಟಿಗಳನ್ನು ಮೈಗೆ ಒತ್ತಿ ಬಿಗಿದಳು. ಅದು ಚಿಕ್ಕಸಿದ್ದಮ್ಮನ ಮೂಗುತಿಯನ್ನೇ ನೋಡುತ್ತ ಕಾಲು ಬಡಿಯಿತು.

ಚಿಕ್ಕಸಿದ್ದಮ್ಮ ಕಾರಿನ ಬಾಗಿಲು ಬಿಟ್ಟು ಹಿಂದೆ ಸರಿದಳು. ಹೊಸಿಲ ಮೇಲೆ ಬೀಗಿತ್ತಿ ಕೇಳಿದರೆ ಏನು ಹೇಳುವುದು? ಆ ಜಾಗದಲ್ಲಿ ನಿಂತು ಅವಳು ಸುಳ್ಳಾಡಿದವಳಲ್ಲ. ನಿಜ ಹೇಳಿದರೆ, ಮುಂದಿನ ಮನೆಯವರು ಅವಳನ್ನು ಕರೆಯುವುದಾದರೂ ಏಕೆ?

"ಅಂಗಾದ್ರೆ ನಾನ್ಯಾಕ್ ಬರ್ಲಿ? ನೀವೇ ವೋಗ್ಬನ್ನಿ."

"ನೀನ್ ಬರ್ದಿದ್ರೆ ಗಾಡಿ ಚಕ್ರಾನೇ ಉರುಳಲ್ಲ, ಹತ್ತಕ್ಕ" ಎಂದ ಮರಿಯಯ್ಯ.

ಹತ್ತಿದಳು. ಆದರೆ ಯಶೋಧರೆಯ ಕೈಯಲ್ಲಿದ್ದ ಮಡಿಲಕ್ಕಿಯ ಗಂಟನ್ನು ಕಿತ್ತುಕೊಂಡಳು. ಅದರಲ್ಲಿ ಅಕ್ಕಿ, ಬೆಲ್ಲ, ಎಲೆ ಅಡಿಕೆ, ಒಂದು ದಪ್ಪ ತೆಂಗಿನಕಾಯಿ ಇದ್ದವು. "ಬರಿ ಮಡ್ಲಲ್ಲಿ ನಾನ್ ವೋಗೋಳಲ್ಲ" ಎಂದು ಅದನ್ನು ಕೂಸಿನಂತೆ ಅಪ್ಪಿಕೊಂಡು, ಸೀಟಿನ ಪಕ್ಕದಲ್ಲೇ ನಡುವೆ ಕುಳಿತಳು. ಅವಳ ಇನ್ನೊಂದು ಪಕ್ಕಕ್ಕೆ ಯಶೋಧರಾ, ಮುಂದೆ ಅಳಿಯನ ಪಕ್ಕ ಮರಿಯಯ್ಯ ಕುಳಿತರು. ಚಿಕ್ಕಸಿದ್ದಮ್ಮನಿಗೂ ಬೆಲ್ಟ್ ಹಾಕಿದಾಗ, "ನನ್ನೂ ಕಟ್ಟಾಕಿ, ಓಡೋದೇನು" ಎಂದು ಗೊಣಗಿದಳು.

ಹುಣಸೂರು ದಾಟುವ ತನಕ ಅವಳು ಗಂಟನ್ನೇ ತಟ್ಟುತ್ತ ಕುಳಿತಿದ್ದಳು. ಕೋಟೆಯಲ್ಲಿ ಚಹಾ ಕುಡಿದ ಮೇಲೆ ಮುನಿಸು ಸ್ವಲ್ಪ ಇಳಿಯಿತು. ಕೂಸಿನ ಕಡೆಗೆ ಬಾಗಿ ಸೋಬಾನೆಯ ಒಂದು ಸೊಲ್ಲು ಗುನುಗಿದಳು. ಅಂತರಸಂತೆ ದಾಟಿ ಕಾಕನಕೋಟೆಯ ಕಡೆಗೆ ಕಾಡು ರಸ್ತೆಗೆ ಬಂದು ನಿಂತಿತ್ತು. ಕಾರು ತೀರಾ ಜೋರಾಗಿಯೇನೂ ಹೋಗುತ್ತಿರಲಿಲ್ಲ. ಎಡಗಡೆಯ ಲಂಟಾನದ ಪೊದೆಯಿಂದ ಒಂದು ಜಿಂಕೆ ಛಂಗನೆ ರಸ್ತೆಗೆ ಹಾರಿತು.

ಕಿರಣ್‌ಕುಮಾರ್ ಬ್ರೇಕ್ ತುಳಿದ.

ಗಂಟು ಹಾರಿತು. ಮುಂದಿನ ಎರಡು ಸೀಟುಗಳ ನಡುವೆ ನುಗ್ಗಿ, ಎದುರಿನ ಡ್ಯಾಶ್‌ಬೋರ್ಡಿಗೆ ಬಡಿದು ಬಿಚ್ಚಿಕೊಂಡಿತು. ತೆಂಗಿನಕಾಯಿ ಫಳಾರನೆ ಒಡೆದು ಎರಡು ಹೋಳಾಗಿ ಮರಿಯಯ್ಯನ ಕಾಲ ಬಳಿ ಬಿತ್ತು. ಕಾಯಿಯ ನೀರು ಅವನ ಬಿಳಿ ಪಂಚೆಯನ್ನು ತೋಯಿಸಿತು. ಜಿಂಕೆ ಒಮ್ಮೆ ತಿರುಗಿ ನೋಡಿ ಕಾಡು ಸೇರಿತು.

"ಈಡುಗಾಯಿ ಆಯ್ತು ಬುಡು!" ಎಂದ ಮರಿಯಯ್ಯ, ಅಕ್ಕಿ ಕೊಡವಿಕೊಳ್ಳುತ್ತ. "ದೃಷ್ಟಿಯೆಲ್ಲ ನನ್ ಪಂಚೆಗೆ ವೋಯ್ತು."

ಚಿಕ್ಕಸಿದ್ದಮ್ಮ ನಗಲಿಲ್ಲ. ಅವಳ ತೋಳುಗಳು ಗಂಟನ್ನು ಅಪ್ಪಿಕೊಂಡಂತೆಯೇ ಇದ್ದವು. ನಡುವೆ ಗಂಟು ಇರಲಿಲ್ಲ. ಬಿಗಿಯಾಗಿಯೇ ಹಿಡಿದಿದ್ದಳು, ಅದು ಅವಳಿಗೆ ಚೆನ್ನಾಗಿ ಗೊತ್ತು. ಪಕ್ಕಕ್ಕೆ ತಿರುಗಿದಳು. ಕೂಸು ಬೆನ್ನನ್ನು ಸೀಟಿಗೆ ಆನಿಸಿಕೊಂಡು, ಹೆಬ್ಬೆರಳು ಚೀಪುತ್ತ, ಮೊದಲಿನಂತೆಯೇ ಅವಳ ಮೂಗುತಿಯನ್ನು ನೋಡುತ್ತಿತ್ತು. ಆ ತಂಬಾಕಿನ ಲಾರಿಯಲ್ಲಿ ಹೀಗೇ ತೊಡೆಯ ಮೇಲೆ ಕೂತಿದ್ದ ಕೂಸು ಅವಳಿಗೆ ನೆನಪಾಯಿತು.

"ಏನಾಯ್ತಜ್ಜಿ?" ಎಂದಳು ಯಶೋಧರಾ.

"ಏನಿಲ್ಲ ಕಣವ್ವ. ದೇವ್ರು ದೊಡ್ಡೋನು."

ಬೇಗೂರಿನ ಮನೆಯ ಮುಂದೆ ಕಿರಣ್‌ಕುಮಾರನ ತಾಯಿ ಆರತಿ ತಟ್ಟೆ ಹಿಡಿದು ನಿಂತಿದ್ದಳು. ಚಿಕ್ಕಸಿದ್ದಮ್ಮ ತಾನೇ ಪಟ್ಟಿಯ ಗುಂಡಿ ಒತ್ತಲು ಹೋಗಿ ಸೋತು, ಯಶೋಧರೆಯಿಂದ ಬಿಚ್ಚಿಸಿ, ಕೂಸನ್ನು ಎತ್ತಿಕೊಂಡು ಹೊಸಿಲಿಗೆ ಬಂದಳು.

"ಮಗ ಯಾರ ಮಡ್ಲಲ್ಲಿ ಬಂತಕ್ಕ?"

ಎಲ್ಲರೂ ಅವಳ ಬಾಯನ್ನೇ ನೋಡಿದರು. ಕಿರಣ್‌ಕುಮಾರ್ ಕಣ್ಣಿನಲ್ಲೇ, ನಿಮ್ಮ ಮಡಿಲಲ್ಲೇ ಅಂತ ಹೇಳಿಬಿಡಿ ಅಜ್ಜಿ, ಪರವಾಗಿಲ್ಲ ಎಂಬಂತೆ ಸನ್ನೆ ಮಾಡಿದ.

"ನನ್ ಮಡ್ಲಲ್ಲಿ ಬರ್ಲಿಲ್ಲ ಕಣವ್ವ" ಎಂದಳು ಚಿಕ್ಕಸಿದ್ದಮ್ಮ. "ಸೀಟ್ನಲ್ಲಿ ಬಂತು. ನನ್ ಮಡ್ಲಲ್ಲಿ ಬಂದಿದ್ದು ತೆಂಗಿನಕಾಯಿ. ಅದು ಎಲ್ಡು ವೋಳಾಗದೆ ನೋಡು."

ಮರಿಯಯ್ಯ ಹೋಳುಗಳನ್ನು ಎತ್ತಿ ತೋರಿಸಿದ. ಬೀಗಿತ್ತಿ ಹೋಳುಗಳನ್ನು ನೋಡಿದಳು, ಕೂಸನ್ನು ನೋಡಿದಳು. ಕಣ್ಣು ತುಂಬಿ ಬಂದರೂ ನಗೆಚಾಟಿಕೆ ಬಿಡಲಿಲ್ಲ. "ಅಂಗಾದ್ರೆ ವೀಳ್ಯ ಯಾರಿಗ್ ಕೊಡ್ಲಿ? ಆ ಸೀಟಿಗಾ?"

"ಸೀಟು ಎಲೆ ಅಡ್ಕೆ ಅಗೀತದಾ? ಕೊಡಿಲ್ಲಿ ನಂಗೇ. ಅದಕ್ಕೊಂದು ಕುಂಕುಮ ಇಡು, ಸಾಕು."

ಸಾಯಂಕಾಲ ಕಿರಣ್‌ಕುಮಾರ್ ಮರಿಯಯ್ಯನನ್ನೂ ಚಿಕ್ಕಸಿದ್ದಮ್ಮನನ್ನೂ ಅಗ್ರಹಾರಕ್ಕೆ ಬಿಡಲು ಹೊರಟಾಗ, ಅವಳು ಬೆಲ್ಟನ್ನು ತಾನೇ ಎಳೆದು ಸಿಕ್ಕಿಸಿಕೊಂಡಳು. ಪಕ್ಕದಲ್ಲಿ ಕುಂಕುಮ ಇಟ್ಟುಕೊಂಡ ಸೀಟು ಬರಿದಾಗಿ ಕುಳಿತಿತ್ತು. ಅವಳು ಅದರ ಪಟ್ಟಿಯನ್ನು ಎಳೆದಳು, ಬಿಟ್ಟಳು, ಮತ್ತೆ ಎಳೆದಳು.

"ಅಳಿಮಯ್ಯ, ಮುಂದಿನ ತಿಂಗ್ಳು ನಮ್ಮ ನಿಂಗರಾಜು ಮಗಳ ಕೂಸ್ನ ಕೆ.ಆರ್. ನಗರಕ್ಕೆ ಬಿಟ್ಬರ್ಬೇಕು. ಇದ್ನ ಒಂದಿನ ಕೊಡ್ತೀರಾ?"

"ಕೊಡದೆ ಏನಜ್ಜಿ. ನೀವು ಹೋಗ್ತೀರಾ ತಾನೆ?"

"ಇನ್ಯಾರ್ ವೋಯ್ತಾರೆ? ಇದಕ್ಕೆ ಸೋಬಾನೆ ಏಳಕ್ ಬತ್ತದಾ?" ಎಂದು ಅವಳು ವೀಳ್ಯದೆಲೆಗೆ ಸುಣ್ಣ ಹಚ್ಚತೊಡಗಿದಳು. "ಆ ಗುಂಡಿ ಎಂಗ್ ಒತ್ತೋದು, ಅದೊಂದ್ ಕಲಿಸ್ಕೊಡಿ."