ಸವೆದ ಎಡಮೂಲೆ

ನಮ್ಮ ಯಜಮಾನರನ್ನು ಈ ಬೀದಿಯವರು ಕರೆಯುವುದು ರಸಮಟ್ಟ ಎಂದು. ಗೋಡೆ ಸಮನಾಗಿದೆಯೋ ಇಲ್ಲವೋ ಎಂದು ಗಾರೆಯವರು ಗಾಜಿನ ಕೊಳವೆಯಲ್ಲಿ ಗುಳ್ಳೆ ನೋಡುತ್ತಾರಲ್ಲ, ಅದೇ ರಸಮಟ್ಟ. ಆ ಗುಳ್ಳೆ ಇವರ ತಲೆಯೊಳಗೇ ಇದೆ ಎಂಬುದು ಜನರ ಅಭಿಪ್ರಾಯ. ಇದ್ದರೂ ಇರಬಹುದು. ಯಾರ ಮನೆಗೆ ಹೋದರೂ ಕ್ಷೇಮಸಮಾಚಾರ ಕೇಳುವ ಮೊದಲು ಅವರ ಗೋಡೆಯ ಫೋಟೋ ನೆಟ್ಟಗೆ ಮಾಡುತ್ತಾರೆ. ಹೆಣ್ಣು ನೋಡಲು ನನ್ನಪ್ಪನ ಮನೆಗೆ ಬಂದ ದಿನ ನನ್ನ ಮುಖ ನೋಡುವ ಬದಲು ಜೋತುಬಿದ್ದ ಗೇಟಿನ ಕೀಲು ನೋಡಿದರು. ಮಾರನೆಯ ದಿನ ಸಾಮಾನು ಹೊತ್ತು ತಂದು ಅದನ್ನು ಬೆಸೆದುಕೊಟ್ಟು ಹೋದರು. ನನ್ನಪ್ಪ ಆ ಗೇಟಿಗೆ ಮರುಳಾಗಿಯೇ ನನ್ನನ್ನು ಇವರಿಗೆ ಕೊಟ್ಟದ್ದು ಎಂದು ನಾನು ಇವತ್ತಿಗೂ ಕಂಡಕಂಡವರಿಗೆ ಹೇಳುತ್ತೇನೆ.

ಇವರ ಕಸುಬು ವೆಲ್ಡಿಂಗ್. ರಸ್ತೆಗೆ ಮುಖ ಮಾಡಿದ ತಗಡಿನ ಶೆಡ್ಡು, ಅದರ ಬೆನ್ನಿಗೆ ನಮ್ಮ ಎರಡು ಕೋಣೆ. ಕಿಡಿ ಬಿದ್ದು ತೂತಾಗದ ಅಂಗಿ ಇವರ ಹತ್ತಿರ ಒಂದೂ ಇಲ್ಲ. ನೆಂಟರ ಮದುವೆಗೆಂದು ಇಸ್ತ್ರಿ ಮಾಡಿಟ್ಟದ್ದನ್ನೂ ಹಾಕಿಕೊಂಡು, "ಒಂದೇ ನಿಮಿಷ, ಬಂದೆ" ಎಂದು ಶೆಡ್ಡಿಗೆ ಹೋಗಿ ಜರಡಿ ಮಾಡಿಕೊಂಡು ಬಂದವರು. ಮಾತು ಬಲು ಕಡಿಮೆ. ಅವರ ಪಾಲಿನದನ್ನೂ ಸೇರಿಸಿ ನಾನೇ ಆಡುತ್ತೇನಾದ್ದರಿಂದ ಸಂಸಾರ ಹೇಗೋ ಸರಿದೂಗಿದೆ. ಮಕ್ಕಳು ತಮ್ಮ ತಮ್ಮ ಕೆಲಸ ಹಿಡಿದ ಮೇಲೆ ನಾನೂ ಹಗಲೆಲ್ಲ ಶೆಡ್ಡಿನಲ್ಲೇ. ಅಳತೆಯ ದಾರದ ಇನ್ನೊಂದು ತುದಿ ಹಿಡಿಯುವುದು, ಬೆಸುಗೆಯ ಮೇಲೆ ಕಟ್ಟಿದ ಕರಿ ಹೊಟ್ಟನ್ನು ಸುತ್ತಿಗೆಯಲ್ಲಿ ಕುಟ್ಟಿ ಉದುರಿಸುವುದು, ಬಂದವರ ಜೊತೆ ಜಗಳವಾಡುವುದು ನನ್ನ ಕೆಲಸ.

ಒಂದು ಸಂಜೆ ನನ್ನ ತಮ್ಮ ಬಂದು ಶೆಡ್ಡಿನ ಬಾಗಿಲಲ್ಲಿ ಕುಕ್ಕರುಗಾಲಲ್ಲಿ ಕೂತ. ಅವನು ಜಲ್ಲಿ ಯಾರ್ಡಿನಲ್ಲಿ ಲೋಡರ್ ಓಡಿಸುವವನು. ಮೀಸೆ ಮೂಡುವ ಮೊದಲೇ ಹತ್ತಿದ ಗಾಡಿ, ಈಗ ಆ ಮೀಸೆ ನರೆತಿದೆ, ಗಾಡಿ ಮಾತ್ರ ಅದೇ. ಅದನ್ನು ಅವನು ಕರೆಯುವುದು ಮುದುಕಿ ಎಂದು. ಮುಂದಿನ ಬಕೆಟ್ಟಿನಲ್ಲಿ ಜಲ್ಲಿ ಬಾಚಿ ಲಾರಿಗೆ ತುಂಬಬೇಕು, ಅಷ್ಟೇ ಕೆಲಸ. ಆದರೆ ಆ ಬಕೆಟ್ಟು ಸವೆದು ತಳ ತೂತುಬಿದ್ದಿತ್ತು. ಬಾಚಿದ್ದರಲ್ಲಿ ಅರ್ಧ ಲಾರಿಗೆ, ಅರ್ಧ ದಾರಿಗೆ.

"ಶನಿವಾರ ಗುಜರಿಯವ್ನು ಬರ್ತಾನಂತೆ ಅಕ್ಕ," ಎಂದ. "ಅಷ್ಟರೊಳಗೆ ಬಕೆಟ್ಟು ಸರಿಹೋದ್ರೆ ಮುದುಕಿ ಉಳೀತಾಳೆ, ಇಲ್ದಿದ್ರೆ ಇಲ್ಲ, ಅಂದ್ಬಿಟ್ರು ಸಾಹುಕಾರ್ರು."

"ಹೊಸ ಗಾಡಿ ತರ್ತಾರಲ್ಲ, ಅದನ್ನ ಓಡಿಸು."

"ಅದಕ್ಕೆ ಬೇರೆಯೋನು ಗೊತ್ತಾಗಿದ್ದಾನೆ. ನನಗೆ ಗೇಟು. ಲಾರಿ ಬಂದ್ರೆ ಅಡ್ಡಗೋಲು ಎತ್ತೋದು, ಹೋದ್ರೆ ಇಳಿಸೋದು."

ಹೇಳುತ್ತ ಹೇಳುತ್ತ ಒಂದು ಕೈಯನ್ನು ಅಡ್ಡಗೋಲಿನ ಹಾಗೆ ಎತ್ತಿ ಇಳಿಸಿ ತೋರಿಸಿದ. ಇವನನ್ನು ಸೊಂಟದ ಮೇಲೆ ಎತ್ತಿಕೊಂಡು ತಿರುಗಿದವಳು ನಾನು. ಗಾಡಿಯ ಮೇಲಿದ್ದರೆ ರಾಜ, ಇಳಿದರೆ ಅಂಜುಬುರುಕ. ಅವನನ್ನು ಗೇಟಿನ ಬಳಿ ಕುರ್ಚಿ ಹಾಕಿ ಕೂರಿಸಿದರೆ ಆರು ತಿಂಗಳಲ್ಲಿ ಮುದುಕನಾಗಿಬಿಡುತ್ತಾನೆ.

ಇವರು ಕನ್ನಡಕ ಹಣೆಗೇರಿಸಿ ಕೇಳಿದ್ದು ಒಂದೇ ಮಾತು. "ಯಾವಾಗ ತರ್ತೀಯ?"

ಬಕೆಟ್ಟು ಬಂತು. ನೋಡಿ ನಾನು ಹಣೆ ಹಣೆ ಚಚ್ಚಿಕೊಂಡೆ. ತೇಪೆಯ ಮೇಲೆ ತೇಪೆ, ಆ ತೇಪೆಗೊಂದು ತೇಪೆ. ನೆಲ ಕೆರೆಯುವ ಮುಂದಿನ ಅಂಚು ಬಾಳೆಲೆಯಷ್ಟು ತೆಳ್ಳಗಾಗಿತ್ತು. ಎಡಮೂಲೆಯಂತೂ ಇರಲೇ ಇಲ್ಲ. ಗೋಡೆಯ ಬದಿಯ ಜಲ್ಲಿ ಬಳಿದು ಬಳಿದು ಅಂಗೈಯಗಲ ತಿಂದುಹೋಗಿತ್ತು. ಇವರು ಸುತ್ತ ಎರಡು ಸಲ ಬಂದರು, ಅಂಗೈಯಲ್ಲಿ ಸವರಿದರು, ಆಮೇಲೆ ಗ್ಯಾಸ್ ಕಟರ್ ಹಚ್ಚಿ ತೇಪೆಗಳನ್ನೆಲ್ಲ ಕಿತ್ತು ಬಿಸಾಕತೊಡಗಿದರು. ದಿನವೂ ಸಂಜೆ ಬಂದು ನೋಡುತ್ತಿದ್ದ ತಮ್ಮನಿಗೆ ಒಂದೊಂದು ತುಂಡು ಬಿದ್ದಾಗಲೂ ಸಂಕಟ.

"ಭಾವ, ಅದು ಗಟ್ಟಿ ಇತ್ತು ಭಾವ!"

"ನೀನು ಮನೆಗೆ ಹೋಗಯ್ಯ," ಎಂದರು ಇವರು.

ಹರಕು ಕಿತ್ತಾದ ಮೇಲೆ ಉಳಿದ ಕಬ್ಬಿಣವನ್ನು ಬೆಳ್ಳಿಯಂತೆ ಹೊಳೆಯುವ ತನಕ ಉಜ್ಜಿದರು. ತಳಕ್ಕೆ ಹೊಸ ತಗಡು, ಅಂಚಿಗೆ ಎರಡು ಬೆರಳು ದಪ್ಪದ ಗಟ್ಟಿ ಉಕ್ಕಿನ ಪಟ್ಟಿ. ಇಂಥ ಉಕ್ಕಿಗೆ ತಣ್ಣಗಿರುವಾಗ ಬೆಸುಗೆ ಹಾಕಿದರೆ ಆಮೇಲೆ ಸೀಳುತ್ತದೆ, ಮೊದಲು ಬೆಂಕಿ ತೋರಿಸಿ ಕಾಯಿಸಬೇಕು. ಬೆಸುಗೆಗೆ ಕರಗಿಸುವ ರಾಡುಗಳಿಗೂ ತೇವ ತಾಕಬಾರದು. ಅದಕ್ಕೆಂದು ಇವರು ನನ್ನ ಅಡುಗೆಮನೆಯ ಓವನ್ನನ್ನೇ ಎತ್ತಿಕೊಂಡು ಹೋದದ್ದು ಯಾವ ಕಾಲದ ಮಾತೋ. ಅದು ವಾಪಸು ಬರಲಿಲ್ಲ, ನಾನೂ ಆಸೆ ಬಿಟ್ಟಿದ್ದೇನೆ. ಎಷ್ಟೆಂದರೂ ಆ ವೆಲ್ಡಿಂಗ್ ಮಷೀನು ನನ್ನ ಸವತಿ, ಅವಳಿಗೂ ಮನೆಯಲ್ಲಿ ಪಾಲು ಕೊಡಬೇಕಲ್ಲ.

ಒಂದು ತುದಿಯಿಂದ ಇನ್ನೊಂದಕ್ಕೆ ಸರಸರನೆ ಬೆಸೆಯುತ್ತ ಹೋದರೆ ಶಾಖಕ್ಕೆ ಪಟ್ಟಿ ಬಿಲ್ಲಿನಂತೆ ಬಾಗುತ್ತದೆ. ಹಾಗಾಗಿ ಇಲ್ಲೊಂದು ಗೇಣು, ಅಲ್ಲೊಂದು ಗೇಣು, ನಡುವೆ ಒಂದು ಗೇಣು. ನಾನು ಹೊಟ್ಟು ಉದುರಿಸಬೇಕು, ಇವರು ದಾರ ಹಿಡಿದು ನೋಡಬೇಕು, ಮತ್ತೆ ಒಂದು ಗೇಣು. ಒಂದು ಕೂದಲೆಳೆ ಎದ್ದು ಕಂಡರೂ ಅರೆದು ಮತ್ತೆ ಹಾಕುತ್ತಾರೆ. ನನಗೆ ತಾಳ್ಮೆ ತಪ್ಪಿತು.

"ರೀ, ಜಲ್ಲಿ ಬಾಚೋದಕ್ಕೆ ಇದು. ಇದೇನು ಮುಖ ನೋಡೋ ಕನ್ನಡೀನಾ?"

"ಮಾಡೋದೇ ಆದ್ರೆ ನೆಟ್ಟಗೆ ಮಾಡ್ಬೇಕು ಇವಳೇ."

ಕೊನೆಗೆ ಅಂಚಿನ ಅಡಿಗೆ ಸವೆಯದ ರಾಡಿನಿಂದ ಗೆರೆ ಗೆರೆಯಾಗಿ ಬೆಸುಗೆ ಹಾಸಿದರು. ಬೇಗ ಆರಬಾರದೆಂದು ಒಣ ಬೂದಿ ಹೊದಿಸಿ, ಒಳಗೆ ಬಂದು ಮಲಗಿದರು. ಬೆಳಗ್ಗೆ ಬೂದಿ ಸರಿಸಿ ರಸಮಟ್ಟ ಇಟ್ಟರೆ ಗುಳ್ಳೆ ಹೋಗಿ ನಟ್ಟನಡುವೆ ನಿಂತಿತು. ಎಡಮೂಲೆ, ಬಲಮೂಲೆ ಅವಳಿಜವಳಿ. ನಾನೂ ಬಾಯಿ ತುಂಬ ಹೊಗಳಿದೆ. ಹೊಗಳುವಂತೆಯೇ ಇತ್ತು.

ಶನಿವಾರ ಬೆಳಗ್ಗೆ ಯಾರ್ಡಿನಲ್ಲಿ ಬಕೆಟ್ಟನ್ನು ಮುದುಕಿಗೆ ಜೋಡಿಸಿದೆವು. ಮೂರು ಕಡೆ ಕಾಂಕ್ರೀಟ್ ಗೋಡೆ, ನಡುವೆ ಜಲ್ಲಿ ರಾಶಿ. ಆಚೆ ತುಂಬಿಸಿಕೊಳ್ಳಲು ಲಾರಿಗಳು ಸಾಲುಗಟ್ಟಿದ್ದವು. ಗುಜರಿಯವನ ಲಾರಿ ಇನ್ನೂ ಬಂದಿರಲಿಲ್ಲ, ಸಾಹುಕಾರರು ಮಾತ್ರ ಕೈಕಟ್ಟಿ ನಿಂತಿದ್ದರು. ನನ್ನ ತಮ್ಮ ಮೇಲೆ ಹತ್ತಿ ಕೂತು, ಗತ್ತಿನಿಂದ ಒಮ್ಮೆ ನಮ್ಮ ಕಡೆ ನೋಡಿ, ಗಾಡಿ ನುಗ್ಗಿಸಿದ.

ನುಗ್ಗಿದ್ದು ರಾಶಿಗಲ್ಲ, ಎಡಗೋಡೆಗೆ. ಧಡ್ ಎಂದು ಬಡಿದು ಕಾಂಕ್ರೀಟು ಉದುರಿತು. ಹಿಂದೆ ತೆಗೆದು ಮತ್ತೆ ಬಂದ. ಮತ್ತೆ ಎಡಗೋಡೆಯೇ. ಮೂರನೆಯ ಸಲ ರಾಶಿಗೇನೋ ತಾಕಿತು, ಆದರೆ ಓರೆಯಾಗಿ ಹೊಕ್ಕು ಅರ್ಧ ಬಕೆಟ್ಟೂ ತುಂಬಲಿಲ್ಲ. ಸಾಹುಕಾರರು ಜೇಬಿನಿಂದ ಫೋನು ತೆಗೆದರು.

ಕಿಟಕಿಯಿಂದ ತಲೆ ಹೊರಗೆ ಹಾಕಿ ತಮ್ಮ ಕೂಗಿದ. "ಭಾವ, ಸೊಟ್ಟ ಮಾಡಿಟ್ಟಿದೀರ! ನನ್ನ ಗಾಡೀನೇ ಕೆಡಿಸಿಬಿಟ್ರಲ್ಲ!"

ನನ್ನ ಪಿತ್ತ ನೆತ್ತಿಗೇರಿತು. ತಮ್ಮನೂ ಇಲ್ಲ, ಗಿಮ್ಮನೂ ಇಲ್ಲ. "ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ! ಇಳಿಯೋ ಕೆಳಗೆ! ಇವರು ಮಾಡಿದ್ದು ಸೊಟ್ಟ ಅನ್ನೋ ಅಷ್ಟು ದೊಡ್ಡೋನಾದ್ಯಾ?"

ಇವರು ಚೀಲದಿಂದ ದಾರ ತೆಗೆದು ಒಂದು ತುದಿ ನನ್ನ ಕೈಗೆ ಕೊಟ್ಟರು. ಎಳೆದು ನೋಡಿದೆವು. ಮಟ್ಟ ಇಟ್ಟು ನೋಡಿದೆವು. ಗುಳ್ಳೆ ನಟ್ಟನಡುವೆಯೇ ಇತ್ತು, ಸಾಹುಕಾರರೂ ಬಗ್ಗಿ ನೋಡಿದರು. ಇವರು ಬಹಳ ಹೊತ್ತು ಎಡಮೂಲೆಯನ್ನೂ ಮೇಲೆ ಕೂತಿದ್ದ ತಮ್ಮನ ಕೈಗಳನ್ನೂ ನೋಡುತ್ತ ನಿಂತರು.

"ತಪ್ಪು ನಂದೇ," ಎಂದರು ಆಮೇಲೆ. "ಮೊದಲು ಎಡಮೂಲೆ ಇರ್ಲಿಲ್ಲ, ಬಲಗಡೆ ಒಂದೇ ನೆಲ ಕಚ್ತಿತ್ತು. ಕಚ್ಚಿದ ಕಡೆಗೆ ಗಾಡಿ ಎಳೆಯುತ್ತೆ. ಇವನು ಎಡಕ್ಕೆ ಹಿಡಿದು ಹಿಡಿದು ನೆಟ್ಟಗೆ ಓಡಿಸ್ತಿದ್ದ. ಈಗ ಅದು ಎಳೆಯೋದಿಲ್ಲ, ಇವನು ಹಿಡಿಯೋದು ಬಿಟ್ಟಿಲ್ಲ. ನಾನು ಬಕೆಟ್ಟು ನೋಡ್ದೆ, ಓಡಿಸೋನನ್ನ ನೋಡ್ಲಿಲ್ಲ."

"ಈಗೇನು ಮಾಡೋದು?" ಎಂದರು ಸಾಹುಕಾರರು. ಫೋನು ಇನ್ನೂ ಕೈಯಲ್ಲೇ ಇತ್ತು.

ಇವರು ಸೀಮೆಸುಣ್ಣ ತೆಗೆದು ಎಡಮೂಲೆಯ ಮೇಲೆ ಓರೆಯಾಗಿ ಒಂದು ಗೆರೆ ಎಳೆದರು. ಅಂಗೈಯಗಲ, ಹಳೆಯ ಸವೆತ ಎಷ್ಟಿತ್ತೋ ಅಷ್ಟೇ. ಆಮೇಲೆ ಚೀಲದ ಗ್ರೈಂಡರ್ ತೆಗೆದು, ಗೋಡೆಯ ಸಾಕೆಟ್ಟಿಗೆ ಅದರ ಪ್ಲಗ್ ಸಿಕ್ಕಿಸಿ ಮಂಡಿಯೂರಿದರು.

ನನಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಬೇರೆಯವರ ಮನೆಯ ಫೋಟೋ ಒಂದಿಷ್ಟು ವಾಲಿದ್ದರೆ ಕಾಫಿ ಗಂಟಲಿಗಿಳಿಯದ ಮನುಷ್ಯ, ವಾರವೆಲ್ಲ ಗೇಣು ಗೇಣಾಗಿ ನೆಟ್ಟಗೆ ಮಾಡಿದ್ದನ್ನು ತನ್ನ ಕೈಯಾರೆ ಸೊಟ್ಟ ಕತ್ತರಿಸಲು ಹೊರಟಿದ್ದರು. ನನ್ನ ತಮ್ಮ ಗೇಟಿನ ಬಳಿ ಕೂರಬಾರದೆಂದು. ಈ ಸಂಸಾರದಲ್ಲಿ ಇವರ ಮೇಲೆ ಅಷ್ಟೊಂದು ಪ್ರೀತಿ ಒಮ್ಮೆಲೇ ಬಂದದ್ದು ನನಗೆ ನೆನಪಿಲ್ಲ.

ಗ್ರೈಂಡರ್ ತಾಕಿ ಕಿಡಿ ಚಿಮ್ಮಿತು. ಅಷ್ಟರಲ್ಲಿ ಗಾಡಿಯ ಮೇಲಿನಿಂದ ತಮ್ಮ ಒಂದೇ ನೆಗೆತಕ್ಕೆ ಹಾರಿ ಬಂದು ಗೋಡೆಯಿಂದ ಪ್ಲಗ್ ಕಿತ್ತ.

"ಬೇಡ ಭಾವ."

"ನಿನ್ನ ಕೈಗೆ ಸರಿಹೋಗುತ್ತೆ ಬಿಡಯ್ಯ. ಹತ್ತು ನಿಮಿಷ."

"ಬೇಡ ಅಂದ್ನಲ್ಲ! ಕಬ್ಬಿಣ ನೆಟ್ಟಗಾಯ್ತಂತೆ, ನನ್ನ ಕೈಗೇನು ರೋಗ?"

ಅವನು ಮತ್ತೆ ಹತ್ತಿದ. ಇವರೂ ಹಿಂದೆಯೇ ಹೋಗಿ, ಮೆಟ್ಟಿಲ ಮೇಲೆ ನಿಂತು ಕಿಟಕಿಗೆ ಬಾಯಿಟ್ಟು ಹೇಳಿದರು. "ನೀನು ಓಡಿಸ್ಬೇಡ. ಸ್ಟೇರಿಂಗ್ ಬಿಟ್ಟುಬಿಡು. ಅವಳೇ ಹೋಗ್ಲಿ."

ಗಾಡಿ ಹೊರಟಿತು. ನನ್ನ ತಮ್ಮ ಎರಡೂ ಕೈಗಳನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿದಿದ್ದ, ಬಿಸಿ ಪಾತ್ರೆ ಮುಟ್ಟಿದವನ ಹಾಗೆ. ನಾನು ಸೆರಗಿನ ತುದಿ ಬಾಯಿಗೆ ತುರುಕಿಕೊಂಡೆ. ಮುದುಕಿ ಎಡಕ್ಕೂ ಹೋಗಲಿಲ್ಲ, ಬಲಕ್ಕೂ ಹೋಗಲಿಲ್ಲ. ನೆಟ್ಟಗೆ ಹೋಗಿ ರಾಶಿಯ ನಡುವಿಗೆ ಹೊಕ್ಕಳು. ಬಕೆಟ್ಟು ಎದ್ದಾಗ ಅಂಚಿನ ತನಕ ತುಂಬಿತ್ತು, ಲಾರಿಯ ತನಕ ಹೋಗುವಾಗ ದಾರಿಗೆ ಒಂದು ಕಲ್ಲೂ ಬೀಳಲಿಲ್ಲ. ಮೇಲೆ ಕೂತು ತಮ್ಮ ನಗುತ್ತಿದ್ದ. ನಗುತ್ತಿದ್ದನೋ ಅಳುತ್ತಿದ್ದನೋ, ಧೂಳಿನಲ್ಲಿ ನನಗೆ ಸರಿಯಾಗಿ ಕಾಣಲಿಲ್ಲ. ನಾನಂತೂ ಅತ್ತೆ.

ಸಾಹುಕಾರರು ಫೋನಿನಲ್ಲಿ, "ಬರೋದು ಬೇಡ ಮಾರಾಯ, ಗಾಡಿ ಕೊಡೋದಿಲ್ಲ," ಎಂದು ಹೇಳುತ್ತ ಆಫೀಸಿನ ಕಡೆ ಹೋದರು.

ಆಮೇಲಿನ ಒಂದು ವಾರ ತಮ್ಮ ಹೊಸದಾಗಿ ಗಾಡಿ ಕಲಿತವನಂತೆ ಓಡಿಸಿದ. ಹಳೆಯ ಅಭ್ಯಾಸ ಸುಮ್ಮನೆ ಹೋಗುತ್ತದೆಯೇ? ಎಡಗೋಡೆಗೆ ಇನ್ನೂ ನಾಲ್ಕಾರು ಪೆಟ್ಟು ಬಿತ್ತು, ಲಾರಿಯವರು ಆಡಿಕೊಂಡು ನಕ್ಕರು, ಅವನೂ ನಕ್ಕ. ಮುಂದಿನ ಭಾನುವಾರ ಇವರು ರಾಡು, ಮಷೀನು ಎಲ್ಲ ಹೊತ್ತುಕೊಂಡು ಯಾರ್ಡಿಗೆ ಹೊರಟರು. ಗ್ರೈಂಡರ್ ತಾಕಿದಲ್ಲಿ ಎಡಮೂಲೆಯಲ್ಲಿ ಬೆರಳ ಉಗುರಿನಷ್ಟು ಕಚ್ಚು ಉಳಿದಿತ್ತು. ವಾರವೆಲ್ಲ ಅದು ಇವರ ನಿದ್ದೆಯನ್ನೇ ತಿಂದಿತ್ತು.

"ಒಂದೇ ನಿಮಿಷ, ತುಂಬಿ ಕೊಡ್ತೀನಿ," ಎಂದರು.

ತಮ್ಮ ಬಂದು ಬಕೆಟ್ಟಿಗೆ ಅಡ್ಡ ನಿಂತ. "ಇದನ್ನ ಮುಟ್ಟಬೇಡಿ ಭಾವ. ಇದು ನೀವು ನನಗೆ ಕೊಟ್ಟಿದ್ದು."

ಇವರು ಸ್ವಲ್ಪ ಹೊತ್ತು ಆ ಕಚ್ಚನ್ನೇ ನೋಡಿದರು. ಆಮೇಲೆ ಮಷೀನಿನ ವೈರು ಸುತ್ತಿಟ್ಟುಕೊಂಡು ನನ್ನ ಜೊತೆ ಮನೆಗೆ ಬಂದರು.